ಇರುವ ಕಾರ್ಖಾನೆ ಮೊದಲು ಉಳಿಯಲಿ

ಮಾನ್ಯರೇ,

ಸಣ್ಣ ನಗರಗಳು ಕೈಗಾರಿಕೆ ಬೆಳೆಸಲು ಹೊರಟಾಗ ಹೂಡಿಕೆದಾರರ ಸಮಾವೇಶ, ತೆರಿಗೆ ರಿಯಾಯಿತಿಗಳ ಮಾತೇ ಹೆಚ್ಚು. ಊರಲ್ಲೇ ಬೆಳೆದ ಘಟಕ ಜಾಗ ಖಾಲಿ ಮಾಡುತ್ತಿದೆ ಎಂಬುದು ಗೊತ್ತಾಗುವುದು ಗೇಟಿಗೆ ಬೀಗ ಬಿದ್ದ ಮೇಲೆ.

ಸೂಚನೆಗಳು ಮೊದಲೇ ಸಿಗುತ್ತವೆ. ಜಾಗದ ಗುತ್ತಿಗೆ ಅವಧಿ ಮುಗಿಯುತ್ತ ಬಂದರೂ ನವೀಕರಣದ ಪ್ರಸ್ತಾಪವಿರುವುದಿಲ್ಲ, ಯಂತ್ರ ಹಳತಾದರೂ ಹೊಸದು ಬರುವುದಿಲ್ಲ, ವಯಸ್ಸಾದ ಮಾಲೀಕರ ನಂತರ ನಡೆಸುವವರು ಯಾರೆಂದು ತೀರ್ಮಾನವಾಗಿರುವುದಿಲ್ಲ. ನಗರಾಡಳಿತದ ಅಧಿಕಾರಿಯೊಬ್ಬರು ವರ್ಷಕ್ಕೊಮ್ಮೆ ಪ್ರತಿ ಘಟಕಕ್ಕೂ ಹೋಗಿ ಇಷ್ಟನ್ನು ಕೇಳಿದರೆ ಸಾಕು. ಆದರೆ ಅಲ್ಲಿ ಕೇಳಿಬಂದ ದೂರಿಗೆ 15 ದಿನದೊಳಗೆ ಉತ್ತರ ಹೋಗಬೇಕು. ಹೋಗದಿದ್ದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

ಇನ್ನು ವಿದ್ಯುತ್. ದಿನಕ್ಕೆ ಎಷ್ಟು ಗಂಟೆ ಇರುತ್ತದೆ ಎಂಬುದಷ್ಟೇ ಲೆಕ್ಕವಲ್ಲ. ಮೂರು ಫೇಸ್‌ಗಳ ವೋಲ್ಟೇಜಿನಲ್ಲಿ ಶೇ 3.5ರಷ್ಟು ಅಸಮತೋಲನವಿದ್ದರೆ ಮೋಟಾರಿನ ತಾಪ ಏರಿಕೆ ಸುಮಾರು ಶೇ 25ರಷ್ಟು ಹೆಚ್ಚುತ್ತದೆ, ಒಳಗಿನ ತಂತಿ ಸುರುಳಿ (ವೈಂಡಿಂಗ್) ಬೇಗ ಸುಟ್ಟುಹೋಗುತ್ತದೆ. ಅರೆಕ್ಷಣದ ವೋಲ್ಟೇಜ್ ಕುಸಿತಕ್ಕೂ ಮೋಟಾರಿಗೆ ವಿದ್ಯುತ್ ಜೋಡಿಸುವ ಸ್ವಿಚ್‌ಗಳಾದ ಕಾಂಟ್ಯಾಕ್ಟರ್‌ಗಳು ಬಿಟ್ಟುಕೊಂಡು ಇಡೀ ಉತ್ಪಾದನೆ ನಿಲ್ಲಬಹುದು. ಪ್ಲಾಸ್ಟಿಕ್ ಅಚ್ಚಿನ ಯಂತ್ರವಾದರೆ, ವಿದ್ಯುತ್ ಬರುವುದು ತಡವಾದಷ್ಟೂ ಪ್ಲಾಸ್ಟಿಕ್ ಕರಗಿಸುವ ಬ್ಯಾರೆಲ್‌ನೊಳಗಿನ ಮಾಲು ಗಟ್ಟಿಯಾಗಿ, ಮತ್ತೆ ಕಾಯಿಸಿ ಹೊರಹಾಕುವಷ್ಟರಲ್ಲಿ ಪಾಳಿಯ ಹೊತ್ತೇ ಹೋಗಿರುತ್ತದೆ. ಕಾರ್ಖಾನೆಗಳಿಗೆ ಪ್ರತ್ಯೇಕ ಫೀಡರ್ (ವಿದ್ಯುತ್ ಪೂರೈಕೆ ಮಾರ್ಗ), ಲೋಡ್ ಮೂರೂ ಫೇಸ್‌ಗಳಿಗೆ ಸಮನಾಗಿ ಹಂಚಿಕೆ, ವಾರಪೂರ್ತಿಯ ವೋಲ್ಟೇಜ್ ದಾಖಲೆ: ಇವು ತೆರಿಗೆ ವಿನಾಯಿತಿಗಿಂತ ಹೆಚ್ಚು ಘಟಕಗಳನ್ನು ಉಳಿಸಬಲ್ಲವು ಎಂಬುದು ನಮ್ಮ ದೃಢ ಅಭಿಪ್ರಾಯ.

ರಿಯಾಯಿತಿ ಕೊಡುವುದೇ ಆದರೆ ಎಷ್ಟು ಉದ್ಯೋಗ, ಎಷ್ಟು ವರ್ಷ, ಮಾತು ತಪ್ಪಿದರೆ ಎಷ್ಟು ಹಣ ವಾಪಸು ಎಂಬುದು ಒಪ್ಪಂದದಲ್ಲೇ ಬರಲಿ. ಅದೇ ಸೌಲಭ್ಯ ಹಳೆಯ ಘಟಕದ ವಿಸ್ತರಣೆಗೂ ಸಿಗಲಿ.