ಅರ್ಕಾವತ್ತು ಕಾದವರಿಗೆ

ಬರಹ, ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಕಾಪಾಡಿಡುವ ಡಿಜಿಟಲ್ ಸಂರಕ್ಷಣೆಯ ಕುರಿತ ನಮ್ಮ ಎರಡು ದಿನಗಳ ಸಮ್ಮೇಳನ ಮುಗಿದು ಇಂದಿಗೆ ಒಂಬತ್ತು ದಿನ. ಪೆಂಡಾಲ್ ಬಿಚ್ಚಿದ್ದಾಯಿತು, ಬಾಡಿಗೆಯ ಕುರ್ಚಿಗಳು ಹಿಂದಿರುಗಿದವು, ಅವ್ವ ಆಸ್ಪತ್ರೆಯಿಂದ ಮನೆಗೆ ಬಂದಳು. ಅವಳಿಗೆ ಏನಾಗಿತ್ತೆಂಬುದು ನಿಮಗೆಲ್ಲ ಗೊತ್ತು, ಮತ್ತೆ ಬರೆಯುವುದಿಲ್ಲ. ಕುಳಿತು ಋಣ ನೆನೆಯುವಷ್ಟು ಬಿಡುವು ಈಗ ಸಿಕ್ಕಿದೆ.

"ಇಂಥದ್ದು ಬೆಂಗಳೂರಿನಲ್ಲಿ ಆಗಬೇಕು, ವಿಜಯಪುರಕ್ಕೆ ಯಾರು ಬರುತ್ತಾರೆ?" ಎಂದು ಆರಂಭದಲ್ಲಿ ಹಲವರು ಕೇಳಿದ್ದರು. ನನಗೆ ಬೇರೆ ಊರು ತೋಚಲೇ ಇಲ್ಲ. ವಕೀಲಿ ಮಾಡುತ್ತಲೇ ವಚನಗಳ ತಾಡೋಲೆಗಳನ್ನು ಹುಡುಕಿ ಕೂಡಿಸಿದ ಫ. ಗು. ಹಳಕಟ್ಟಿಯವರು ಬಾಳಿದ ಊರಿದು. ಇಲ್ಲಿಯೇ ಅವರು ಹಿತಚಿಂತಕ ಮುದ್ರಣಾಲಯ ನಡೆಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಇದೇ ಊರಿನ ಅಸರ್ ಮಹಲಿನ ಗ್ರಂಥಭಂಡಾರದಲ್ಲಿದ್ದ ಹಸ್ತಪ್ರತಿಗಳನ್ನು ನೋಡಬೇಕೆಂದರೆ ಇಂದು ಲಂಡನ್ನಿಗೆ ಹೋಗಬೇಕು. ಉಳಿಸಿಕೊಂಡ ಹಿಗ್ಗನ್ನೂ ಕಳೆದುಕೊಂಡ ಸಂಕಟವನ್ನೂ ಬಲ್ಲ ಊರಿನಲ್ಲಿ ಈ ಮಾತು ನಡೆಯಬೇಕೆಂಬುದು ನನ್ನ ಹಟವಾಗಿತ್ತು. ಆ ಹಟಕ್ಕೆ ಹೆಗಲು ಕೊಟ್ಟ ಕಾಲೇಜಿನ ಆಡಳಿತ ಮಂಡಳಿಗೆ, ಸಂಘಟನಾ ಸಮಿತಿಯ ಗೆಳೆಯರಿಗೆ, ನೋಂದಣಿ ಮೇಜು ನೋಡಿಕೊಂಡ ವಿದ್ಯಾರ್ಥಿಗಳಿಗೆ, ಎರಡೂ ದಿನ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿದ ಖಾನಾವಳಿಯ ಅಕ್ಕಂದಿರಿಗೆ ನಾನು ಋಣಿ. ಬಾಗಲಕೋಟೆಯಿಂದ ಬಂದ ಹಿರಿಯರನ್ನು ಮಾತ್ರ ಬೇರೆಯಾಗಿ ನೆನೆಯಲೇಬೇಕು. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ತಮ್ಮ ಓಣಿಯ ಫೋಟೊಗಳನ್ನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದರು. ಸ್ಕ್ಯಾನ್ ಆಗುವವರೆಗೂ ಯಂತ್ರದ ಪಕ್ಕದಿಂದ ಅವರು ಕದಲಲಿಲ್ಲ.

ಇನ್ನು ಕಾಕಾ. ನಮ್ಮ ಗ್ರಂಥಾಲಯದ ಪುಸ್ತಕಗಳಿಗೆ ರಟ್ಟು ಕಟ್ಟುವ ಕಾಕಾ.

ಸಮ್ಮೇಳನಕ್ಕೆ ಇನ್ನೂ ಎರಡು ದಿನವಿತ್ತು. ನಾನು ಆಸ್ಪತ್ರೆಯ ವರಾಂಡದ ಬೆಂಚಿನ ಮೇಲಿದ್ದೆ. ಅವ್ವ ಒಳಗಿದ್ದಳು. ರಾತ್ರಿ ಒಂಬತ್ತಕ್ಕೆ ಕಾಕಾ ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಪ್ರಬಂಧ ಸಂಪುಟದ ಕರಡಚ್ಚು ಹಿಡಿದು ಬಂದರು. ಹದಿನಾಲ್ಕು ಪ್ರಬಂಧಗಳು ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರಸಂಕೇತ ಪದ್ಧತಿಯಾದ ಯೂನಿಕೋಡ್‌ಗಿಂತ ಹಿಂದಿನ ಫಾಂಟ್‌ಗಳಲ್ಲಿ ಬಂದಿದ್ದವು. ಅಂಥ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವೇ ಕಾಣುವುದಿಲ್ಲ, ಅರ್ಥವಿಲ್ಲದ ಗುರುತುಗಳಷ್ಟೇ. ಆದ್ದರಿಂದ ಎಲ್ಲವನ್ನೂ ಯೂನಿಕೋಡ್‌ಗೆ ಪರಿವರ್ತಿಸಿದ್ದೆವು. ಕರಡಚ್ಚು ತೆರೆದರೆ ‘ವರ್ಷ’ ಹೋಗಿ ‘ವಷರ್’ ಆಗಿತ್ತು, ‘ಕಾರ್ಯ’ ಹೋಗಿ ‘ಕಾಯರ್’. ಹಳೆಯ ಫಾಂಟ್‌ಗಳಲ್ಲಿ ಅರ್ಕಾವತ್ತು, ಅಂದರೆ ರ್ ಸೂಚಿಸುವ ಗುರುತು, ಅಕ್ಷರದ ನಂತರ ಕೂರುತ್ತದೆ. ಯೂನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ಆ ಸ್ಥಾನಪಲ್ಲಟ ಆಗದೆ ಉಳಿದಿತ್ತು. ಎಲ್ಲ ಕಡೆಯೂ ಅಲ್ಲ, ಅಲ್ಲಲ್ಲಿ. ಅದೇ ಕಷ್ಟ. ಬೆಳಿಗ್ಗೆ ಆರಕ್ಕೆ ಕಡತ ಮುದ್ರಣಾಲಯ ಸೇರಬೇಕಿತ್ತು.

ಕಾಕಾ ತಮ್ಮ ಹರೆಯದಲ್ಲಿ ಸೀಸದ ಅಚ್ಚುಮೊಳೆ ಜೋಡಿಸಿದವರು. ಅಕ್ಷರವನ್ನು ತಿರುವುಮುರುವಾಗಿ ಓದಿ ಪಳಗಿದ ಕಣ್ಣು. ಕಂಪ್ಯೂಟರ್ ಮುಟ್ಟಿದವರಲ್ಲ. ಲೇಖಕರು ಕಳಿಸಿದ್ದ ಮುದ್ರಿತ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು, ಸಾಲಿನ ಕೆಳಗೆ ಬೆರಳು ಸರಿಸುತ್ತ, ಮಲಗಿದವರಿಗೆ ಎಚ್ಚರವಾಗದಂತೆ ಸಣ್ಣ ದನಿಯಲ್ಲಿ ಓದಿದರು. ನಾನು ಲ್ಯಾಪ್‌ಟಾಪಿನಲ್ಲಿ ತಿದ್ದಿದೆ. ನರ್ಸ್ ಕರೆದಾಗಲೆಲ್ಲ ಎದ್ದು ಒಳಗೆ ಓಡಿದೆ. ಮರಳಿ ಬರುವಷ್ಟರಲ್ಲಿ ಮುಂದಿನ ಎರಡು ಪುಟಗಳ ತಪ್ಪುಗಳಿಗೆ ಪೆನ್ಸಿಲ್ ಸುತ್ತು ಬಿದ್ದಿರುತ್ತಿತ್ತು.

ನಡುರಾತ್ರಿ ಮೀರಿದ ಮೇಲೆ ನನಗೆ ತಡೆಯಲಾಗಲಿಲ್ಲ. "ಇಷ್ಟು ಸಾಕು ಕಾಕಾ, ಹೀಗೆಯೇ ಹೋಗಲಿ. ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಊರಿನಲ್ಲಿಡುತ್ತೇವೆ. ಚೆಕ್‌ಸಮ್ ಹಾಕುತ್ತೇವೆ" ಎಂದೆ. ಅದೇನೆಂದು ಕೇಳಿದರು. ಇಡೀ ಕಡತವನ್ನು ಲೆಕ್ಕ ಹಾಕಿ ತೆಗೆದ ಒಂದು ಸಂಖ್ಯೆ, ಮುಂದೆ ಒಂದೇ ಒಂದು ಅಕ್ಷರ ಕೆಟ್ಟರೂ ಸಂಖ್ಯೆ ಬೇರೆಯಾಗಿ ನಮಗೆ ಗೊತ್ತಾಗುತ್ತದೆ ಎಂದು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಾಗಾದರೆ ತಂಗಿ, ತಪ್ಪೇ ಒಳಗೆ ಹೋಗಿದ್ದರೆ ಅದು ತಪ್ಪನ್ನೇ ಕಾಯುತ್ತದಲ್ಲವೇ?"

ಹೌದು. ತಪ್ಪನ್ನೇ ನಿಷ್ಠೆಯಿಂದ ಕಾಯುತ್ತದೆ.

ನಾನು ರೇಗಿದೆ. ಒಂದು ಅರ್ಕಾವತ್ತಿಗಾಗಿ, ಹಿರಿಯರ ಮೇಲೆ, ಆಸ್ಪತ್ರೆಯ ವರಾಂಡದಲ್ಲಿ. ಅವ್ವ ಒಳಗೆ ಉಸಿರಿಗಾಗಿ ಒದ್ದಾಡುವಾಗ ನಾನು ಅಕ್ಷರ ತಿದ್ದುತ್ತ ಕುಳಿತಿದ್ದೇನೆ, ನಾನೆಂಥ ಮಗಳು ಎಂದು ಅತ್ತುಬಿಟ್ಟೆ. ಆ ಮಾತು ಇಂದಿಗೂ ಪೂರ್ತಿ ಹೋಗಿಲ್ಲ. ಕಾಕಾ ಸಮಾಧಾನ ಹೇಳಲಿಲ್ಲ. ಬ್ಲೇಡಿನಿಂದ ಪೆನ್ಸಿಲ್ ಹೆರೆದುಕೊಂಡರು. "ನೀನು ಅವ್ವನ ಹತ್ತಿರ ಕೂರು, ಗುರುತು ನಾನು ಹಾಕಿರುತ್ತೇನೆ" ಎಂದರು. ನಾಲ್ಕಕ್ಕೆ ಅವ್ವನಿಗೆ ನಿದ್ದೆ ಹತ್ತಿತು. ಹೊರಬಂದು ನೋಡಿದರೆ ಕೊನೆಯ ಪುಟದವರೆಗೂ ಸುತ್ತುಗಳಿದ್ದವು. ಹೊತ್ತಿಗೆ ಸರಿಯಾಗಿ ಕಡತ ಹೋಯಿತು.

ಮೊದಲ ಗೋಷ್ಠಿಯಲ್ಲಿ ನನ್ನ ಸಿದ್ಧ ಭಾಷಣ ಬದಿಗಿಟ್ಟು ಕಾಕಾ ಕೇಳಿದ ಪ್ರಶ್ನೆಯನ್ನೇ ಮುಂದಿಟ್ಟೆ. ಚರ್ಚೆ ಎಷ್ಟು ದೂರ ಹೋಯಿತೆಂದರೆ, 2014ರಲ್ಲಿ ಜಿಲ್ಲೆಯ ಹೆಸರು ಬದಲಾದ ಮೇಲೆ ಸೂಚಿಯಲ್ಲಿ ‘ವಿಜಯಪುರ’ ಎಂದಷ್ಟೇ ಹುಡುಕುವವರಿಗೆ ‘ಬಿಜಾಪುರ’ದ ಹೆಸರಿನಲ್ಲಿರುವ ದಾಖಲೆ ಸಿಗದೇ ಹೋಗುವ ವಿಷಯವೂ ಅಲ್ಲಿಯೇ ಎದ್ದಿತು. ಎರಡೂ ಹೆಸರುಗಳನ್ನು ಜೋಡಿಸುವ ಕೆಲಸ ಬರುವ ವಾರ ನಮ್ಮ ಗ್ರಂಥಾಲಯದಲ್ಲಿ ಆರಂಭವಾಗುತ್ತದೆ. ಅಂದು ಕಾಕಾ ಹಿಂದಿನ ಸಾಲಿನಲ್ಲಿದ್ದರು. ವೇದಿಕೆಗೆ ಕರೆದರೆ ಬರಲಿಲ್ಲ.

ಮೊನ್ನೆ ಮನೆಗೆ ಬಂದರು. ಆ ರಾತ್ರಿಯ ಕರಡಚ್ಚನ್ನು ಹೊಲಿದು, ರಟ್ಟು ಕಟ್ಟಿ, ಕೆಂಪು ಬಟ್ಟೆ ಅಂಟಿಸಿ ತಂದಿದ್ದರು. ಅವ್ವ ಈಗ ಗೋಡೆಗೆ ಒರಗಿ ಕೂರುತ್ತಾಳೆ. ಅವಳಿಗೆ ಓದು ಬಾರದು. ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಪೆನ್ಸಿಲ್ ಸುತ್ತುಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದಳು. ಆಮೇಲೆ ಕಾಕಾಗೆ ಚಹಾ ಮಾಡೆಂದು ನನ್ನನ್ನು ಒಳಗೆ ಕಳಿಸಿದಳು.