ರೋಮ್‌ನ ಕೊನೆಯ ದಿನಕ್ಕೆ ಕೊಲೋಸಿಯಂ ಬೇಡ

ಸಂಪಾದಕರಿಗೆ,

ಯುರೋಪ್ ಟೂರ್ ಪ್ಯಾಕೇಜುಗಳಲ್ಲಿ ಕೊನೆಯ ದಿನದ ಮುಂದೆ ಎಷ್ಟೋ ಸಲ ‘ಫ್ರೀ ಡೇ’ ಎಂದಷ್ಟೇ ಬರೆದಿರುತ್ತದೆ. ವಿಮಾನ ಹೇಗೂ ರಾತ್ರಿ ತಾನೆ ಎಂದು ನಮ್ಮವರು ನೋಡದೆ ಉಳಿದದ್ದನ್ನೆಲ್ಲ ಆ ದಿನಕ್ಕೇ ತುರುಕುತ್ತಾರೆ. ರೋಮ್‌ನಲ್ಲಿ ಇದು ನಡೆಯದ ಲೆಕ್ಕ. ಕೊಲೋಸಿಯಂ ಟಿಕೆಟ್‌ನಲ್ಲಿ ಹೆಸರೂ ಸಮಯವೂ ಇರುತ್ತವೆ, ಜೊತೆಗೆ ಪಾಸ್‌ಪೋರ್ಟ್ ಬೇಕು. ಸೂಟ್‌ಕೇಸ್ ಎಳೆದುಕೊಂಡು ಹೋದರೆ ಒಳಗೇ ಬಿಡುವುದಿಲ್ಲ. ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೆಯ ಭಾನುವಾರ ಬಿಟ್ಟರೆ ಉಳಿದ ಭಾನುವಾರ ಬಂದ್.

ಕೊನೆಯ ದಿನಕ್ಕೆ ನವೋನಾ ಚೌಕದಿಂದ ಪುರಾತನ ದೇಗುಲ ಪ್ಯಾಂಥಿಯನ್‌ವರೆಗಿನ ತುಂಡು ಸಾಕು. ಸುಮ್ಮನೆ ನಡೆದರೆ ಹತ್ತು ನಿಮಿಷ, ನಿಂತು ನೋಡಿದರೆ ಅರ್ಧ ದಿನ. ಬೆಳಿಗ್ಗೆ ರೂಮು ಖಾಲಿ ಮಾಡಿ ಲಗೇಜನ್ನು ಹೋಟೆಲಿನಲ್ಲೇ ಇಟ್ಟು ಹೊರಡಿ. ಅಲ್ಲಿನ ಬೀದಿಗಳಿಗೆ ಹಾಸಿರುವುದು ಕರಿಗಲ್ಲಿನ ಸಣ್ಣ ಸಣ್ಣ ತುಂಡು. ಸಂದಿಗೆ ಸಿಕ್ಕಿದ ಸೂಟ್‌ಕೇಸ್ ಚಕ್ರ ಮುರಿದೇ ಮೇಲೆ ಬರುತ್ತದೆ.

ನವೋನಾದ ನಡುವಿನ ಕಾರಂಜಿ ಶಿಲ್ಪಿ ಬೆರ್ನಿನಿಯದು, 1651ರದು. ನಾಲ್ಕು ಖಂಡಗಳಿಗೆ ನಾಲ್ಕು ನದಿ. ಏಷ್ಯಾದ ಪರವಾಗಿ ಕೂತಿರುವುದು ನಮ್ಮ ಗಂಗೆ. ಆದರೆ ಹೆಣ್ಣಲ್ಲ, ಉದ್ದನೆಯ ಹುಟ್ಟು ಹಿಡಿದ ಗಡ್ಡದ ಗಂಡಸು! ದೋಣಿ ಸಾಗುವ ನದಿ ಎಂಬುದಕ್ಕೆ ಆ ಹುಟ್ಟು. ಮುಖಕ್ಕೆ ಬಟ್ಟೆ ಮುಚ್ಚಿಕೊಂಡವನು ನೈಲ್, ಆಗ ಅದರ ಮೂಲ ಗೊತ್ತಿರಲಿಲ್ಲ.

ಅಲ್ಲಿಂದ ಎರಡು ಹೆಜ್ಜೆ ಹಾಕಿದರೆ ಸಾನ್ ಲುಯಿಜಿ ಚರ್ಚು. ಎಡಗಡೆ ಕೊನೆಯ ಗೂಡಿನಲ್ಲಿ ಕಾರವಾಜ್ಜೋನ ಮೂರು ಚಿತ್ರಗಳಿವೆ. ಗೂಡು ಕತ್ತಲು, ಡಬ್ಬಿಗೆ ನಾಣ್ಯ ಹಾಕಿದರೆ ದೀಪ ಹತ್ತಿ, ಸ್ವಲ್ಪ ಹೊತ್ತಿಗೆ ಆರುತ್ತದೆ. ಮುಂದೆ ಯೇಸುವಿನ ಶಿಷ್ಯನಾದ ಸುಂಕ ವಸೂಲಿಯವ ಮ್ಯಾಥ್ಯೂವಿನ ಮೇಜಿನ ಮೇಲೆ ಕಾಸು ಎಣಿಸುವ ಚಿತ್ರ ನೋಡಲೂ ಕಾಸೇ ಬೇಕು. ಚಿಲ್ಲರೆ ಇಟ್ಟುಕೊಂಡಿರಿ. ಇಂಥ ಚರ್ಚುಗಳು ಮಧ್ಯಾಹ್ನ ಮುಚ್ಚುವುದರಿಂದ ಮೊದಲು ಇಲ್ಲಿಗೆ ಹೋಗಿ, ಪ್ಯಾಂಥಿಯನ್ ಆಮೇಲೆ. ಅದರ ಗುಮ್ಮಟದ ಅಗಲವೂ ನೆಲದಿಂದ ಎತ್ತರವೂ ಒಂದೇ, ಸುಮಾರು 43.3 ಮೀಟರ್, ಒಳಗೆ ಒಂದೇ ಒಂದು ಕಬ್ಬಿಣದ ಸರಳಿಲ್ಲ. ನೆತ್ತಿಯ ಬಯಲುಗಿಂಡಿಯಿಂದ ಮಳೆ ಒಳಗೇ ಸುರಿಯುತ್ತದೆ, ನೆಲದ ತೂತುಗಳಲ್ಲಿ ಇಂಗುತ್ತದೆ. 2023ರ ಜುಲೈಯಿಂದ ಇಲ್ಲೂ ಟಿಕೆಟ್ ಇದೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ.

ನೀರಿಗೆ ದುಡ್ಡು ಕೊಡಬೇಡಿ. ಬೀದಿಬದಿಯ ಎರಕದ ಕಂಬದ ನಲ್ಲಿಗಳ ನೀರು ಕುಡಿಯಲು ಯೋಗ್ಯ. ಬಗ್ಗಬೇಕಿಲ್ಲ, ಕೊಳವೆಯ ಬಾಯಿಗೆ ಬೆರಳು ಒತ್ತಿದರೆ ಮೇಲಿನ ತೂತಿನಿಂದ ನೀರು ಚಿಮ್ಮಿ ನೇರ ಬಾಯಿಗೆ ಬರುತ್ತದೆ. ಕಾಫಿಯನ್ನು ಕೌಂಟರಿನಲ್ಲಿ ನಿಂತೇ ಕುಡಿಯಿರಿ, ಕೂತರೆ ಬೆಲೆ ಏರುತ್ತದೆ. ಕಟ್ಟಾ ಸಸ್ಯಾಹಾರಿಗಳಿಗೆ ಒಂದು ಮಾತು: ಪೆಕೊರಿನೊ, ಪಾರ್ಮೆಸಾನ್ ಚೀಸ್‌ಗಳಿಗೆ ಹಾಲು ಒಡೆಯಲು ಕರು, ಕುರಿಮರಿಗಳ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಕಿಣ್ವ ಬಳಸುತ್ತಾರೆ. ‘ಮರಿನಾರಾ’ ಪಿಜ್ಜಾ ಕೇಳಿ. ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ ಅಷ್ಟೇ, ಚೀಸ್ ಇಲ್ಲ.

ರಾತ್ರಿ ಒಂಬತ್ತರ ವಿಮಾನವಿದ್ದರೆ ನಾಲ್ಕಕ್ಕೆ ಹೋಟೆಲು, ಐದಕ್ಕೆ ಟೆರ್ಮಿನಿ ನಿಲ್ದಾಣ. ಲಿಯೊನಾರ್ಡೊ ಎಕ್ಸ್‌ಪ್ರೆಸ್ ಫಿಯುಮಿಚಿನೊ ವಿಮಾನ ನಿಲ್ದಾಣಕ್ಕೆ 32 ನಿಮಿಷದಲ್ಲಿ ಮುಟ್ಟಿಸುತ್ತದೆ, ಟಿಕೆಟ್ 14 ಯೂರೋ. ಕಾಗದದ ಟಿಕೆಟಾದರೆ ಹತ್ತುವ ಮುನ್ನ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಿ, ಇಲ್ಲದಿದ್ದರೆ ದಂಡ. ಮುಷ್ಕರವಿದೆಯೇ ಎಂದು ಹಿಂದಿನ ದಿನವೇ ಹೋಟೆಲಿನಲ್ಲಿ ವಿಚಾರಿಸಿ. ಅಲ್ಲಿ ಶುಕ್ರವಾರದ ಮುಷ್ಕರ ಅಪರೂಪವೇನಲ್ಲ.

ಶಾಪಿಂಗ್ ತೆರಿಗೆ ವಾಪಸು ಬೇಕಿದ್ದವರು ಇನ್ನಷ್ಟು ಮುಂಚೆ ಹೊರಡಲಿ. ಒಂದು ಅಂಗಡಿಯ ಬಿಲ್ 70 ಯೂರೋ ದಾಟಿದ್ದರೆ ಪಾಸ್‌ಪೋರ್ಟ್ ತೋರಿಸಿ ಅಲ್ಲೇ ಫಾರಂ ಪಡೆದಿರಬೇಕು. ಸಾಮಾನು ಸೂಟ್‌ಕೇಸಿನಲ್ಲಿದ್ದರೆ, ಅದನ್ನು ಚೆಕ್-ಇನ್ ಮಾಡುವ ಮೊದಲೇ ಕಸ್ಟಮ್ಸ್ ಕೆಲಸ ಮುಗಿಸಿ. ಆಲಿವ್ ಎಣ್ಣೆ ಬಾಟಲಿಯಂತೂ ಸೂಟ್‌ಕೇಸಿನಲ್ಲೇ, ಬಟ್ಟೆಯ ನಡುವೆ ಹೋಗಲಿ. ಕೈಚೀಲದಲ್ಲಿಟ್ಟರೆ ಸೆಕ್ಯುರಿಟಿಯಲ್ಲಿ ಎತ್ತಿಡಬಹುದು.

– ಓದುಗರೊಬ್ಬರು, ಮೈಸೂರು