ಕಾಲದ ಗಡಿಗೂ ಬಾಂದುಕಲ್ಲು ಇದೆ

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ಮೇಘಾಲಯನ್ ಕಾಲವನ್ನು ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಭೂಮಿಯ ಇತಿಹಾಸದ ಪಟ್ಟಿಯಲ್ಲಿ ನಮ್ಮ ದೇಶದ ಒಂದು ರಾಜ್ಯದ ಹೆಸರು ಸೇರಿರುವ ಸಂಗತಿಯನ್ನು ಕನ್ನಡದ ಓದುಗರಿಗೆ ತಲುಪಿಸಿದ್ದಕ್ಕಾಗಿ ತಮಗೂ ಲೇಖಕರಿಗೂ ಕೃತಜ್ಞತೆಗಳು. ಆದರೆ ಕಳೆದ ಸುಮಾರು 4,200 ವರ್ಷಗಳ ಅವಧಿಯನ್ನು ಆರಿಸಿಕೊಂಡು ವಿಜ್ಞಾನಿಗಳು ಅದಕ್ಕೆ ಮೇಘಾಲಯನ್ ಎಂದು ಹೆಸರಿಟ್ಟರು ಎಂಬ ಅರ್ಥ ಬರುವಂತೆ ಲೇಖನದಲ್ಲಿ ಬರೆದಿರುವುದು ವಿಷಯವನ್ನು ತಲೆಕೆಳಗು ಮಾಡುತ್ತದೆ. ಭೂವಿಜ್ಞಾನಿಗಳು ‘ಸ್ಟೇಜ್’ ಎಂದು ಕರೆಯುವ ಶಿಲಾಹಂತ, ಅಂದರೆ ಒಂದು ನಿರ್ದಿಷ್ಟ ಕಾಲಾವಧಿಯಲ್ಲಿ ರೂಪುಗೊಂಡ ಪದರಗಳ ಗುಂಪು, ವರ್ಷದಿಂದ ಹುಟ್ಟುವುದಿಲ್ಲ. ಜಗತ್ತಿನ ಯಾವುದೋ ಒಂದು ಜಾಗದಲ್ಲಿ, ಕಣ್ಣಿಗೆ ಕಾಣುವ ಪದರಗಳ ನಡುವೆ ಒಂದು ಬಿಂದುವನ್ನು ಗೊತ್ತುಮಾಡಿದಾಗ ಅದು ಹುಟ್ಟುತ್ತದೆ. ವರ್ಷದ ಲೆಕ್ಕ ಆಮೇಲಿನದು.

ನಿವೇಶನದ ಸರ್ವೆ ಮಾಡಿಸಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮೂಲೆಯಲ್ಲಿ ನೆಟ್ಟಿರುವ ಬಾಂದುಕಲ್ಲೇ ಗಡಿ. ಅಲ್ಲಿಂದ ಇಲ್ಲಿಗೆ ಎಷ್ಟು ಅಡಿ ಎಂಬುದು ಅಳತೆ ಮಾತ್ರ. ಹೊಸ ಯಂತ್ರ ತಂದು ಅಳೆದಾಗ ಅಂಕಿ ಒಂದೆರಡು ಅಂಗುಲ ಬದಲಾದರೂ ಕಲ್ಲು ಜರುಗುವುದಿಲ್ಲ. ಭೂಕಾಲದ ಈ ಬಾಂದುಕಲ್ಲನ್ನು ಭೂವಿಜ್ಞಾನಿಗಳು ಚಿನ್ನದ ಮೊಳೆ ಎನ್ನುತ್ತಾರೆ. ಕೆಲವು ಕಡೆ ನಿಜವಾಗಿಯೂ ಬಂಡೆಗೆ ಲೋಹದ ಗುರುತನ್ನು ಬಡಿದಿದ್ದಾರೆ. ಇಂಥ ಮೊದಲ ಮೊಳೆ 1972ರಲ್ಲಿ ಅಂದಿನ ಚೆಕೊಸ್ಲೊವಾಕಿಯಾದ ಕ್ಲೋಂಕ್ ಎಂಬಲ್ಲಿ, ಸೈಲೂರಿಯನ್ ಮತ್ತು ಡೆವೋನಿಯನ್ ಎಂಬ ಎರಡು ಪ್ರಾಚೀನ ಅವಧಿಗಳ ಶಿಲೆಗಳ ನಡುವಿನ ಗಡಿಗೆ ಬಿತ್ತು. ಒಂದು ಹಂತಕ್ಕೆ ಗುರುತು ಹಾಕುವುದು ಅದರ ತಳಕ್ಕೆ ಮಾತ್ರ. ಅದರ ಮೇಲಿನ ಹಂತದ ತಳ ಎಲ್ಲಿದೆಯೋ ಅಲ್ಲಿಗೆ ಇದು ಮುಗಿಯಿತೆಂದು ಲೆಕ್ಕ. ಆದ್ದರಿಂದ ಎರಡು ಹಂತಗಳ ನಡುವೆ ಯಾರಿಗೂ ಸೇರದ ಕಾಲವೂ ಉಳಿಯುವುದಿಲ್ಲ, ಒಂದರ ಮೇಲೊಂದರ ಒತ್ತುವರಿಯೂ ಆಗುವುದಿಲ್ಲ.

ಈ ಎಚ್ಚರಿಕೆಗೆ ಕಾರಣವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಜೀವಾಶ್ಮತಜ್ಞ ಆಲ್ಸೀಡ್ ಡೋರ್ಬಿನ್ಯಿ ಮತ್ತು ಅವರ ನಂತರದವರು ಯುರೋಪಿನ ಊರುಗಳ ಹೆಸರಿನಲ್ಲಿ ಹಂತಗಳನ್ನು ಕಟ್ಟುತ್ತ ಹೋದಾಗ, ಒಂದು ಊರಿನ ಶಿಲೆಗಳು ಎಲ್ಲಿ ಮುಗಿದವೋ ಅಲ್ಲಿಂದಲೇ ಮತ್ತೊಂದು ಊರಿನ ಶಿಲೆಗಳು ಶುರುವಾಗುತ್ತವೆಂಬ ಖಾತರಿ ಇರಲಿಲ್ಲ. ಇಂದಿಗೂ ಹೆಸರು ಒಂದು ಕಡೆ, ಮೊಳೆ ಇನ್ನೊಂದು ಕಡೆ ಇರುವುದುಂಟು. ಮಾಸ್ಟ್ರಿಕ್ಟಿಯನ್ ಹಂತದ ಹೆಸರು ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ನಗರದ್ದು, ಅದರ ತಳದ ಬಿಂದು ಇರುವುದು ದಕ್ಷಿಣ ಫ್ರಾನ್ಸಿನ ತೆರ್ಸಿ ಎಂಬ ಊರಿನ ಹಳೆಯ ಕಲ್ಲುಗಣಿಯಲ್ಲಿ. ನಮ್ಮ ನೆರೆಯ ತಮಿಳುನಾಡಿನ ಅರಿಯಲೂರಿನಲ್ಲಿ ಸಿಮೆಂಟಿಗಾಗಿ ಅಗೆಯುವ ಸುಣ್ಣಕಲ್ಲನ್ನು ಮಾಸ್ಟ್ರಿಕ್ಟಿಯನ್ ಎಂದು ಗುರುತಿಸುವಾಗ, ಅಲ್ಲಿನ ಜೀವಾಶ್ಮಗಳನ್ನು ಕೊನೆಗೂ ತಾಳೆ ನೋಡಬೇಕಾದದ್ದು ಆ ಗಣಿಯ ಬಿಂದುವಿನೊಂದಿಗೆ.

ಬಿಂದುವಿನ ಆಯ್ಕೆ ಸುಲಭವಲ್ಲ. ಅಲ್ಲಿ ಕೆಸರು ನಿಲ್ಲದೆ ಶೇಖರವಾಗುತ್ತ ಬಂದಿರಬೇಕು, ಪದರಗಳು ಬೆಂದು ಮಡಚಿ ಹಾಳಾಗಿರಬಾರದು, ದೂರದ ದೇಶಗಳ ಶಿಲೆಗಳಲ್ಲೂ ಗುರುತಿಸಬಹುದಾದ ಒಂದು ಘಟನೆ ಅಲ್ಲಿ ದಾಖಲಾಗಿರಬೇಕು, ಇತರ ವಿದ್ವಾಂಸರು ಹೋಗಿ ಪರೀಕ್ಷಿಸಲು ದಾರಿಯೂ ಇರಬೇಕು. ಕಾರ್ಯತಂಡ, ಉಪಸಮಿತಿ, ಶಿಲಾಪದರಗಳ ಅಧ್ಯಯನಕ್ಕೆ ಮೀಸಲಾದ ಅಂತರರಾಷ್ಟ್ರೀಯ ಸ್ತರವಿಜ್ಞಾನ ಆಯೋಗ ಹೀಗೆ ಒಂದೊಂದೇ ಮೆಟ್ಟಿಲಲ್ಲಿ ಮತ ಪಡೆದು, ಕೊನೆಗೆ ಅಂತರರಾಷ್ಟ್ರೀಯ ಭೂವಿಜ್ಞಾನ ಒಕ್ಕೂಟ ಒಪ್ಪಿದ ಮೇಲೆಯೇ ಅದು ಊರ್ಜಿತ.

ಬಿಂದುವೇ ಗಡಿ ಎಂಬ ಮಾತನ್ನು ಭೂವಿಜ್ಞಾನಿಗಳು ಎಷ್ಟು ನಿಷ್ಠೆಯಿಂದ ಪಾಲಿಸುತ್ತಾರೆ ಎಂಬುದಕ್ಕೆ ಕೆನಡಾದ ನ್ಯೂಫೌಂಡ್ಲೆಂಡ್ ದ್ವೀಪದ ಫಾರ್ಚೂನ್ ಹೆಡ್ ಎಂಬ ಕಡಲಬಂಡೆ ಒಳ್ಳೆಯ ನಿದರ್ಶನ. ಕೇಂಬ್ರಿಯನ್ ಅವಧಿಯ ಮತ್ತು ಅದರ ಮೊದಲ ಹಂತವಾದ ಫಾರ್ಚೂನಿಯನ್‌ನ ತಳವನ್ನು 1992ರಲ್ಲಿ ಅಲ್ಲಿ ಗೊತ್ತುಮಾಡಿದರು. ಹುಳುವಿನಂಥ ಯಾವುದೋ ಜೀವಿ ಸಮುದ್ರತಳದ ಕೆಸರಿನಲ್ಲಿ ಕೊರೆದ ಬಿಲದ ಗುರುತು ಮೊದಲು ಕಾಣಿಸಿದ ಜಾಗ ಅದೆಂಬುದೇ ಆಯ್ಕೆಗೆ ಆಧಾರ. ಕೆಲವು ವರ್ಷಗಳ ನಂತರ ಅದೇ ಬಂಡೆಯಲ್ಲಿ, ಆ ಬಿಂದುವಿಗಿಂತ 4 ಮೀಟರಿಗೂ ಹೆಚ್ಚು ಕೆಳಗೆ ಅಂಥದೇ ಬಿಲಗಳು ಸಿಕ್ಕವು. ಆಧಾರವೇ ಸಡಿಲವಾಯಿತು, ಚರ್ಚೆ ನಡೆಯಿತು. ಆದರೂ ಬಿಂದು ಇದ್ದಲ್ಲೇ ಇದೆ. ವರ್ಷದ ಅಂಕಿಯಾದರೋ ಇದೇ ಗಡಿಗೆ ಮೊದಲು 54.2 ಕೋಟಿ ಇದ್ದದ್ದು 54.1 ಕೋಟಿಯಾಗಿ, ಈಚಿನ ಪಟ್ಟಿಗಳಲ್ಲಿ 53.88 ಕೋಟಿಯಾಗಿದೆ. ಅಂಕಿಯನ್ನೇ ಗಡಿಯೆಂದು ಕಲಿತ ವಿದ್ಯಾರ್ಥಿಗೆ ಇದು ವಿಜ್ಞಾನಿಗಳ ಚಂಚಲತೆಯಂತೆ ಕಾಣುತ್ತದೆ. ವಾಸ್ತವದಲ್ಲಿ ಸುಧಾರಿಸಿದ್ದು ಅಳತೆ.

ಮೇಘಾಲಯನ್ ವಿಷಯಕ್ಕೆ ಬರುತ್ತೇನೆ. ಮೇಘಾಲಯದ ಸೊಹ್ರಾ (ಚಿರಾಪುಂಜಿ) ಬಳಿಯ ಮಾಮ್ಲೂ ಗುಹೆಯಲ್ಲಿ ತೊಟ್ಟಿಕ್ಕುವ ನೀರಿನಿಂದ ಪದರಪದರವಾಗಿ ಬೆಳೆದ ಒಂದು ಸುಣ್ಣದ ಕಂಬವೇ ಇಲ್ಲಿನ ಬಾಂದುಕಲ್ಲು. ಅದರ ಪದರಗಳಲ್ಲಿ ಆಮ್ಲಜನಕದ ಐಸೊಟೋಪುಗಳ, ಅಂದರೆ ತೂಕದಲ್ಲಿ ಬೇರೆಯಾದ ಅದರ ಪರಮಾಣುಗಳ, ಪ್ರಮಾಣ ಒಂದು ಕಡೆ ಬದಲಾಗುತ್ತದೆ. ಮುಂಗಾರು ದುರ್ಬಲವಾದ ಕಾಲದ ಸಾಕ್ಷಿ ಅದು. ಬಿಂದುವನ್ನು ಆ ಬದಲಾವಣೆಯ ನಡುವೆ ಇಟ್ಟು, ಯುರೇನಿಯಂ–ಥೋರಿಯಂ ವಿಧಾನದಿಂದ ಅದರ ವಯಸ್ಸು ಕ್ರಿ.ಶ. 2000ಕ್ಕೆ 4,250 ವರ್ಷ ಹಿಂದಿನದೆಂದು ಲೆಕ್ಕಹಾಕಿ, 2018ರಲ್ಲಿ ಅಂಗೀಕರಿಸಿದರು. ಅದರ ಕೆಳಗಿನ ಎರಡು ಹಂತಗಳ ಗಡಿಗಳು ಗ್ರೀನ್‌ಲ್ಯಾಂಡಿನಲ್ಲಿ ಕೊರೆದು ತೆಗೆದ ಹಿಮದ ಕಂಬಗಳಲ್ಲಿವೆ. ನಮ್ಮ ಮಳೆಯ ಏರಿಳಿತವನ್ನು ಬರೆದಿಟ್ಟುಕೊಂಡ ಒಂದು ಕಲ್ಲು ಇಡೀ ಜಗತ್ತಿಗೆ ಪ್ರಮಾಣವಾಗಿದೆ ಎಂಬ ಈ ಸಂಗತಿಯೇ ಲೇಖನದಲ್ಲಿ ಬಿಟ್ಟುಹೋಗಿದ್ದು ನನಗೆ ಬೇಸರ ತಂದಿತು.

ನಿಯಮಕ್ಕೆ ಹೊರತಾದದ್ದು ಬೆಂಗಳೂರಿನ ನಡುವೆಯೇ ಇದೆ ಎಂಬುದನ್ನೂ ಹೇಳಬೇಕು. ಹೋದ ತಿಂಗಳು ನೆರೆಮನೆಯ ಮಕ್ಕಳನ್ನು ಲಾಲ್‌ಬಾಗಿನ ಬಂಡೆಗೆ ಕರೆದುಕೊಂಡು ಹೋಗಿದ್ದೆ. ಕೆಂಪೇಗೌಡರ ಗೋಪುರದ ಕೆಳಗೆ, ಬೂದು ಮತ್ತು ಬಿಳಿಯ ಪಟ್ಟೆಗಳು ಹೆಣೆದುಕೊಂಡಿರುವ ಕಡೆ ಅಂಗೈಯೂರಿ ಕುಳಿತ ಏಳನೆಯ ತರಗತಿಯ ಹುಡುಗಿ, “ಆಂಟಿ, ಇದು ಯಾವ ಹಂತದ ಕಲ್ಲು?” ಎಂದು ಕೇಳಿದಳು. ಯಾವ ಹಂತದ್ದೂ ಅಲ್ಲ ಎಂದೆ. ಸುಮಾರು 300 ಕೋಟಿ ವರ್ಷ ಹಳೆಯ ಈ ನೈಸ್ ಶಿಲೆ ಭೂಗರ್ಭದಲ್ಲಿ ಬೆಂದು ಬದಲಾದದ್ದು. ಗಡಿ ಗುರುತಿಸಲು ಬೇಕಾದ ಜೀವಾಶ್ಮಗಳು ಇದರಲ್ಲಿಲ್ಲ. ಆದ್ದರಿಂದಲೇ ಅಷ್ಟು ಹಿಂದಿನ ಕಾಲವನ್ನು ಹಂತಗಳಾಗಿ ಒಡೆಯದೆ, ಬಹುಪಾಲು ಗಡಿಗಳನ್ನು ಅಂಕಿಯಿಂದಲೇ ನಿಗದಿ ಮಾಡಿದ್ದಾರೆ. ಈ ಕಲ್ಲು ಸೇರುವ ಆರ್ಕಿಯನ್ ಎಂಬ ಪ್ರಾಚೀನ ಯುಗ ಮುಗಿಯುವುದು 250 ಕೋಟಿ ವರ್ಷದ ಹಿಂದೆ ಎಂಬುದು ಅಂಥ ನಿಗದಿ. ಲೇಖನ ಹೇಳಿದ ಕ್ರಮ ಸರಿಯಾಗಿ ಹೊಂದುವುದು ಲಾಲ್‌ಬಾಗಿನ ಕಲ್ಲಿಗೆ, ಮೇಘಾಲಯದ ಕಲ್ಲಿಗಲ್ಲ.

ಇನ್ನು ಮುಂದೆ ಇಂಥ ವಿಷಯ ಪ್ರಕಟಿಸುವಾಗ ವರ್ಷದ ಅಂಕಿಯ ಪಕ್ಕದಲ್ಲಿ ಆ ಗಡಿಬಿಂದು ಇರುವ ಊರಿನ ಹೆಸರನ್ನೂ, ಅಲ್ಲಿ ಏನನ್ನು ನೋಡಿ ಗಡಿ ಗುರುತಿಸಿದರೆಂಬ ಒಂದು ಸಾಲನ್ನೂ ಸೇರಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ
ಬಸವನಗುಡಿ, ಬೆಂಗಳೂರು